ಆರ್-32 ಎಸಿಗೆ ವ್ಯಾಕ್ಯೂಮ್ ಮಾಡದೆ ಗ್ಯಾಸ್ ಬಿಡಬಹುದೇ?

ಪ್ರಶ್ನೆ: ನಮ್ಮ ಸ್ಪ್ಲಿಟ್ ಎಸಿಯ ತಾಮ್ರದ ಪೈಪ್ ಬದಲಿಸಿದ ಮೆಕ್ಯಾನಿಕ್, ವ್ಯಾಕ್ಯೂಮ್ ಪಂಪ್ (ಪೈಪಿನೊಳಗಿನ ಗಾಳಿ, ತೇವವನ್ನು ಹೀರಿ ತೆಗೆಯುವ ಯಂತ್ರ) ಬಳಸದೆ, ಹೊರಗಿನ ಯೂನಿಟ್‌ನಲ್ಲಿದ್ದ ಆರ್-32 ಎಂಬ ತಂಪುಕಾರಕ ಗ್ಯಾಸನ್ನೇ ಸ್ವಲ್ಪ ಬಿಟ್ಟು ಪೈಪಿನೊಳಗಿನ ಗಾಳಿಯನ್ನು ಹೊರದೂಡಿದರು. ಈ ಕ್ರಮ ಸರಿಯೇ?

ಉತ್ತರ 1: ಸರಿಯಲ್ಲ. ಆರ್-32 ನಿಧಾನವಾಗಿಯಾದರೂ ಉರಿಯಬಲ್ಲ ಅನಿಲ. ಅಲ್ಲದೆ ಹೀಗೆ ಗಾಳಿ ಹೋದರೂ ತೇವ ಉಳಿದು, ಕಂಪ್ರೆಸರ್ ಎಣ್ಣೆಯನ್ನು ಕೆಡಿಸುತ್ತದೆ. ಪಂಪ್‌ನಿಂದ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ (ಇಲ್ಲಿ ಮೈಕ್ರಾನ್ ಎಂದರೆ ಅತಿ ಕಡಿಮೆ ಒತ್ತಡದ ಅಳತೆ) ಕೆಳಗಿಳಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಮೀಟರ್ ನೋಡಬೇಕು: ಅಂಕಿ ಏರಿ ಒಂದು ಮಟ್ಟದಲ್ಲಿ ನಿಂತರೆ ಒಳಗೆ ತೇವವಿರಬಹುದು, ಏರುತ್ತಲೇ ಹೋದರೆ ಸೋರಿಕೆಯಿದೆ.

ಉತ್ತರ 2: ವ್ಯಾಕ್ಯೂಮ್ ಮಾಡುವ ಮೊದಲು ಒಣ ನೈಟ್ರೋಜನ್ ತುಂಬಿಸಿ, ಫ್ಲೇರ್ ನಟ್‌ಗಳಿಗೆ (ಪೈಪ್ ಜೋಡಿಸುವ ನಟ್‌ಗಳು) ಸೋಪಿನ ನೀರು ಹಚ್ಚಿ ಸೋರಿಕೆಯಿದೆಯೇ ಎಂದು ನೋಡಬೇಕು. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 150 ಬಾರ್ ಒತ್ತಡವಿರುವುದರಿಂದ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಜೋಡಿಸಲೇಬಾರದು. ಯೂನಿಟ್‌ನ ಫಲಕದಲ್ಲಿ ಬರೆದ ಒತ್ತಡವನ್ನು ಮೀರಬಾರದು. ನೈಟ್ರೋಜನ್ ಬದಲು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಬಳಸುವವರನ್ನು ಮನೆಯೊಳಗೇ ಬಿಡಬೇಡಿ, ಎಣ್ಣೆಯೊಡನೆ ಸೇರಿದರೆ ಅದು ಸ್ಫೋಟಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನೈಟ್ರೋಜನ್ ತುಂಬಿಸಿ ರಾತ್ರಿಯಿಡೀ ಬಿಟ್ಟಾಗ ಒತ್ತಡ ತುಸು ಇಳಿದರೆ ಸೋರಿಕೆಯೆಂದೇ ತಿಳಿಯಬೇಕೇ?

ಉತ್ತರ 2: ಹಾಗೇನಿಲ್ಲ. ಮಧ್ಯಾಹ್ನ 30 ಡಿಗ್ರಿಯಲ್ಲಿ 25 ಬಾರ್ ತುಂಬಿಸಿದ್ದು, ಬೆಳಗಿನ ಜಾವ 24 ಡಿಗ್ರಿಗೆ ಇಳಿದಾಗ ಸೋರಿಕೆಯಿಲ್ಲದೆಯೂ ಅರ್ಧ ಬಾರ್‌ನಷ್ಟು ಕಡಿಮೆ ತೋರಿಸುತ್ತದೆ. ಆದ್ದರಿಂದ ಎರಡೂ ಹೊತ್ತಿನ ಉಷ್ಣಾಂಶವನ್ನು ಬರೆದಿಟ್ಟುಕೊಳ್ಳಿ.