ಅರಿಶಿನವೂ ಹೊಳೆಯುತ್ತದೆ ಅತ್ತೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಡೊಂಬಿವಲಿ ಅತ್ತೆ ನಮ್ಮ ಮನೆಯವರ ಗುಂಪಿಗೆ ಒಂದು ವೀಡಿಯೊ ಹಾಕಿದರು. ಯಾವುದೋ ಹೋಟೆಲ್ ರೂಮು. ಲೈಟ್ ಆರಿಸಿ ನೇರಳೆ ಟಾರ್ಚ್ ಬಿಟ್ಟರೆ ಬೆಡ್‌ಶೀಟ್ ಅಲ್ಲಲ್ಲಿ ಹೊಳೆಯುತ್ತದೆ. ಕೆಳಗೆ, "ರಕ್ತ, ವೀರ್ಯ, ಮೂತ್ರ ಎಲ್ಲಾ ಇದೆ, ಎಲ್ಲರಿಗೂ ಕಳುಹಿಸಿ" ಅಂತ ಬರಹ. ಚಿಕ್ಕಮ್ಮ ತಕ್ಷಣ, "ಗುಂಪಿನಲ್ಲಿ ಮಕ್ಕಳಿದ್ದಾರೆ" ಎಂದರು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಡಿಸೆಂಬರಿನಲ್ಲಿ ಮಡಗಾಂವ್‌ನಲ್ಲಿ ಮದುವೆ ಇದೆ, ಹದಿನಾಲ್ಕು ರೂಮಿಗೆ ಅಡ್ವಾನ್ಸ್ ಕೊಟ್ಟಾಗಿದೆ.

ಅತ್ತೆ: ಬುಕಿಂಗ್ ಕ್ಯಾನ್ಸಲ್ ಮಾಡಿ. ನಾನಂತೂ ಅಲ್ಲಿ ಮಲಗುವುದಿಲ್ಲ.

ಮುಲುಂಡ್ ಚಿಕ್ಕಪ್ಪ: ಅದು ನಮ್ಮ ಹೋಟೆಲ್ ಅಲ್ಲ ಅಕ್ಕ. ಯಾವ ದೇಶದ್ದೋ ಏನೋ.

ಅತ್ತೆ: ಯಾವ ದೇಶವಾದರೇನು, ಮಲಗುವವರು ಮನುಷ್ಯರೇ ಅಲ್ವಾ?

ಇದಕ್ಕೆ ಉತ್ತರ ಇರಲಿಲ್ಲ. ಆಗ ಚಿಕ್ಕಪ್ಪನ ಮಗಳು ಬಂದಳು. ಪುಣೆಯಲ್ಲಿದ್ದಾಳೆ, ಫೊರೆನ್ಸಿಕ್ ಅಂದರೆ ಅಪರಾಧ ಪತ್ತೆಯ ವಿಜ್ಞಾನ ಓದಿದವಳು. ಹುಟ್ಟುಹಬ್ಬದ ಶುಭಾಶಯಕ್ಕೂ ಬಾಯಿಬಿಡದ ಹುಡುಗಿ.

ಪುಣೆ ತಂಗಿ: ಅತ್ತೆ, ಆ ಟಾರ್ಚಿಗೆ ರಕ್ತ ಹೊಳೆಯುವುದೇ ಇಲ್ಲ. ಬೆಳಕನ್ನು ನುಂಗಿ ಕಪ್ಪಾಗಿ ಕಾಣುತ್ತೆ. ಉಳಿದ ಎರಡು ಹೊಳೆಯಬಹುದು, ಎಂಜಲೂ ಹೊಳೆಯಬಹುದು. ಆದರೆ ಸೋಪಿನ ಪುಡಿಯೂ ಹೊಳೆಯುತ್ತೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಅದರಲ್ಲೇ ಅಂಥ ವಸ್ತು ಸೇರಿಸಿರುತ್ತಾರೆ.

ದೊಡ್ಡಪ್ಪ ಅಷ್ಟು ಹೊತ್ತು ಸುಮ್ಮನಿದ್ದರು. ಅವರು ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಕಳ್ಳನೋಟು ನೋಡುವ ಅಂಥದ್ದೇ ಟಾರ್ಚ್ ಈಗಲೂ ಕಪಾಟಿನಲ್ಲಿದೆ. ಹತ್ತು ನಿಮಿಷ ಬಿಟ್ಟು ಮೂರು ಫೋಟೊ ಬಂತು. ಐನೂರರ ನೋಟಿನ ನಂಬರು ಹೊಳೆಯುತ್ತಿತ್ತು. ಒಗೆದು ಮಡಚಿಟ್ಟ ಪಂಚೆ ಟ್ಯೂಬ್‌ಲೈಟ್ ತರಹ ನೀಲಿಯಾಗಿತ್ತು. ಮೂರನೆಯದು ದೊಡ್ಡಮ್ಮನ ಸೆರಗು. ಸಾರಿಗೆ ಅರಿಶಿನ ಹಾಕಿ ಕೈ ಒರೆಸಿಕೊಂಡ ಜಾಗದಲ್ಲಿ ನಾಲ್ಕು ಬೆರಳು ಹಳದಿ-ಹಸಿರಾಗಿ ಮಿನುಗುತ್ತಿದ್ದವು.

ದೊಡ್ಡಪ್ಪ: ನಮ್ಮ ಅಡುಗೆಮನೆಯಲ್ಲೇ ಏನೋ ಆಗಿದೆ ಮಾರಾಯ್ತಿ, ಪೊಲೀಸರನ್ನು ಕರೆಯಲಾ?

ಅತ್ತೆ ಸೋಲುವವರಲ್ಲ.

ಅತ್ತೆ: ಸೀರಿಯಲ್‌ನಲ್ಲಿ ಸ್ಪ್ರೇ ಹೊಡೆದ ಕೂಡಲೇ ನೀಲಿ ಬರುತ್ತಲ್ಲ, ಅದೂ ಸುಳ್ಳಾ?

ಪುಣೆ ತಂಗಿ: ಅದು ಲುಮಿನಾಲ್, ಬೇರೆ ಸಂಗತಿ. 1937ರಲ್ಲಿ ವಾಲ್ಟರ್ ಸ್ಪೆಕ್ಟ್ ಅನ್ನುವ ಜರ್ಮನ್ ವಿಜ್ಞಾನಿ ಅದನ್ನು ರಕ್ತ ಪತ್ತೆಗೆ ಬಳಸಿ ತೋರಿಸಿದ. ಅದಕ್ಕೆ ಟಾರ್ಚ್ ಬೇಡ. ರಕ್ತದಲ್ಲಿರುವ ಕಬ್ಬಿಣದ ಅಂಶ ತಾಗಿದರೆ ಕತ್ತಲಲ್ಲಿ ತಾನೇ ಹೊಳೆಯುತ್ತೆ, ಅರ್ಧ ನಿಮಿಷ ಇದ್ದರೆ ಹೆಚ್ಚು. ಬ್ಲೀಚಿಗೂ ಹಾಗೇ ಹೊಳೆಯುತ್ತೆ. ಬ್ಲೀಚ್ ಹಾಕಿ ತೊಳೆದ ಬಾತ್‌ರೂಮಿಗೆ ಅದನ್ನು ಹೊಡೆದರೆ ಪೂರ್ತಿ ಕೊಲೆ ಮನೆ.

ಅಂಧೇರಿ ಅಣ್ಣ (ವಕೀಲ, ಸುಮ್ಮನಿರಲಾರ): ಹಾಗಾದರೆ ಕಲೀನಾದ ಫೊರೆನ್ಸಿಕ್ ಲ್ಯಾಬ್ ಯಾಕೆ ಬೇಕು? ಏಳು ವರ್ಷಕ್ಕಿಂತ ಕಡಿಮೆ ಇಲ್ಲದ ಶಿಕ್ಷೆಯ ಅಪರಾಧಕ್ಕೆ ಫೊರೆನ್ಸಿಕ್‌ನವರು ಜಾಗಕ್ಕೇ ಹೋಗಬೇಕು ಅಂತ 2024ರ ಜುಲೈಯಿಂದ ಬಂದ ಹೊಸ ಕಾನೂನಿನಲ್ಲೇ ಇದೆ.

ಪುಣೆ ತಂಗಿ: ಬೇಕಾಗುವುದು ಅದಕ್ಕೇ ಅಣ್ಣ. ಮೊದಲ ಪರೀಕ್ಷೆ 'ಇರಬಹುದು' ಅನ್ನುತ್ತೆ, ಅಷ್ಟೇ. ಕಲೆ ಉಜ್ಜಿದ ಹತ್ತಿಗೆ ಫಿನಾಲ್ಫ್ತಲೀನ್ ಅನ್ನುವ ರಾಸಾಯನಿಕದ ಹನಿ, ಮೇಲೆ ಪೆರಾಕ್ಸೈಡ್ ಹನಿ. ಗುಲಾಬಿ ಬಂದರೆ ರಕ್ತ ಇರಬಹುದು. ಹಸಿ ಮೂಲಂಗಿ ರಸಕ್ಕೂ ಬರಬಹುದು.

ಅತ್ತೆ: ಮೂಲಂಗಿ ಸಾಂಬಾರಿಗೂ?

ಪುಣೆ ತಂಗಿ: ಬೇಯಿಸಿದರೆ ಆ ಗುಣ ಹೋಗುತ್ತೆ ಅತ್ತೆ.

ನನಗೆ ಇಡೀ ಜಗಳದಲ್ಲಿ ಇಷ್ಟವಾದ ಪ್ರಶ್ನೆ ಇದೇ.

ರಕ್ತವೇ ಅಂತ ಖಚಿತ ಮಾಡಿಕೊಂಡ ಮೇಲೂ ಮನುಷ್ಯನದ್ದೋ ಆಡಿನದ್ದೋ ನೋಡಬೇಕು ಎಂದಳು. ಉಲೆನ್‌ಹುತ್ ಎಂಬ ಡಾಕ್ಟರ್ 1901ರಲ್ಲೇ ಅದಕ್ಕೊಂದು ದಾರಿ ಕಂಡುಹಿಡಿದಿದ್ದನಂತೆ. ಈಗ ಗರ್ಭಪರೀಕ್ಷೆಯ ಪಟ್ಟಿಯಂಥ ಪಟ್ಟಿಯಲ್ಲೇ ಗೊತ್ತಾಗುತ್ತದೆ. ಯಾರದ್ದು ಅನ್ನುವ ಪ್ರಶ್ನೆ ಡಿಎನ್‌ಎಯದ್ದು, ಅದು ಕೊನೆಗೆ. ಚಿಕ್ಕಪ್ಪ ಅದೇ ಹೊತ್ತಿಗೆ ಮಟನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಕೈಯಲ್ಲಿದ್ದ ಚೀಲದ ಫೋಟೊ ಹಾಕಿ, "ಇದರ ರಿಪೋರ್ಟ್ ಯಾವಾಗ ಸಿಗುತ್ತೆ ಮಗಳೇ?" ಎಂದು ಕೇಳಿದರು.

ಅತ್ತೆ: ನಗಬೇಡಿ. ಅದು ಯಾರದ್ದು ಅಂತ ನನಗೇನೂ ಬೇಡ, ನಾನು ಕೋರ್ಟಿಗೆ ಹೋಗ್ತಿಲ್ಲ. ಬೆಡ್‌ಶೀಟ್ ಒಗೆದಿದ್ದಾರಾ ಇಲ್ವಾ, ಅಷ್ಟೇ.

ನಿಜ ಹೇಳಬೇಕೆಂದರೆ ಇಲ್ಲಿ ನಾನು ಅತ್ತೆಯ ಕಡೆ. ತಂಗಿಯೂ ಸ್ವಲ್ಪ ತಡವರಿಸಿದಳು.

ಪುಣೆ ತಂಗಿ: ಅದನ್ನೂ ಟಾರ್ಚ್ ಹೇಳುವುದಿಲ್ಲ ಅತ್ತೆ. ಚೆನ್ನಾಗಿ ಒಗೆದದ್ದೇ ಸೋಪಿನಿಂದ ಜಾಸ್ತಿ ಹೊಳೆಯಬಹುದು. ಒಗೆದ ಬಟ್ಟೆಯಲ್ಲೂ ಡಿಎನ್‌ಎ ಸಿಗುವುದುಂಟು. ರೂಮಿಗೆ ಹೋದ ಕೂಡಲೇ ಎದುರಿಗೇ ಬೇರೆ ಶೀಟ್ ಹಾಕಿಸಿಕೊಳ್ಳಿ.

ಅತ್ತೆ: ಅದನ್ನು ಮೊದಲೇ ಹೇಳಬಾರದಾ?

ಬುಕಿಂಗ್ ಉಳಿಯಿತು. ವೀಡಿಯೊ ಮಾತ್ರ ಅಳಿಸಲಿಲ್ಲ. ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಸಂದೇಶ ಬಂತು.

ಅತ್ತೆ: ಅಣ್ಣ, ಆ ಟಾರ್ಚ್ ಮದುವೆಗೆ ಮರೆಯದೆ ತನ್ನಿ. ಮುಯ್ಯಿಯ ನೋಟು ನೋಡಬಹುದು.