ವಿಕ್ಟೋರಿಯಾ ಕಾಲದ ನೌಕಾನೀತಿ ಮೇಲೆ ಪಿಎಚ್‌ಡಿ: ಇದನ್ನೇ ನಂಬಿಕೊಂಡವರು ಯಾರಾದರೂ ಇದ್ದಾರಾ?

ಪ್ರಶ್ನೆ (ಕಾರವಾರದ ಹುಡುಗಿ)
ಧಾರವಾಡದಲ್ಲಿ ಇತಿಹಾಸ ಎಂಎ ಮುಗಿಸಿದ್ದೇನೆ. 1860ರಿಂದ 1890ರ ತನಕದ ಬ್ರಿಟಿಷ್ ನೌಕಾನೀತಿ ಮೇಲೆ ಪಿಎಚ್‌ಡಿ ಮಾಡುವ ಆಸೆ. ಮರದ ಹಡಗು ಹೋಗಿ ಕಬ್ಬಿಣದ ಹಡಗು ಬಂದ ಕಾಲ ಅದು. ಆದರೆ ಬ್ರಿಟಿಷರು ಆಗ ದೊಡ್ಡ ಸಮುದ್ರಯುದ್ಧವನ್ನೇ ಮಾಡಲಿಲ್ಲ, ಬರೆಯೋಕೆ ಏನಿದೆ ಅಂತ ಎಲ್ಲರೂ ಕೇಳುತ್ತಾರೆ. ಇದೇ ವಿಷಯ ಹಿಡಿದು ಪ್ರೊಫೆಸರ್ ಆಗಿ ಬದುಕಿದವರ ದಾರಿ ಹೇಗಿತ್ತು?

ಉತ್ತರ 1 (ನಿವೃತ್ತ ಇತಿಹಾಸ ಮೇಷ್ಟ್ರು, ಮೈಸೂರು)
ಇದ್ದಾರಮ್ಮ. ಮೊದಲು ಆರ್ಥರ್ ಮಾರ್ಡರ್ ಅವರನ್ನು ಓದಿ. 1910ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಓದಿದವರು. ಬ್ರಿಟಿಷರಲ್ಲ, ನೌಕಾಪಡೆಯ ಅಧಿಕಾರಿಯೂ ಅಲ್ಲ. 1880ರಿಂದ 1905ರ ನೌಕಾನೀತಿ ಬಗ್ಗೆ 1940ರಲ್ಲಿ ಅವರು ತಂದ ಪುಸ್ತಕವನ್ನು ಬಿಟ್ಟು ಈ ವಿಷಯಕ್ಕೆ ಕೈ ಹಾಕೋಕೆ ಇವತ್ತಿಗೂ ಆಗಲ್ಲ. ಪಾಠ ಮಾಡಿದ್ದು ಹವಾಯಿಯಲ್ಲಿ, ಆಮೇಲೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ಹವಾಯಿಯಲ್ಲಿದ್ದಾಗ ಕಸ ತೆಗೆಯುವ ಕೆಲಸದವರು ಅವರ ಮುಂದಿನ ದೊಡ್ಡ ಕೃತಿಯ ಟಿಪ್ಪಣಿಗಳನ್ನು ಕಸ ಅಂದುಕೊಂಡು ಸುಟ್ಟುಬಿಟ್ಟರು. ಎಂಥವರೂ ಕೈಚೆಲ್ಲಿ ಕೂರುತ್ತಿದ್ದರು. ಇವರು ಮತ್ತೆ ಮೊದಲಿಂದ ಸಾಮಗ್ರಿ ಸೇರಿಸಿದರು. ಆ ಕೃತಿ ಐದು ಸಂಪುಟವಾಗಿ 1970ರಲ್ಲಿ ಮುಗಿಯಿತು.

ಯುದ್ಧ ಇಲ್ಲ ಅನ್ನುವವರಿಗೆ 1889ರ ನೌಕಾ ರಕ್ಷಣಾ ಕಾಯ್ದೆ ತೋರಿಸಿ. 2 ಕೋಟಿ 15 ಲಕ್ಷ ಪೌಂಡ್, 70 ಹಡಗು. ತಮ್ಮ ನಂತರದ ಎರಡು ದೊಡ್ಡ ನೌಕಾಪಡೆ ಒಟ್ಟಾದರೂ ಎದುರಿಸುವಷ್ಟು ಬಲ ಬೇಕು ಅನ್ನೋದು ಲೆಕ್ಕ. ಅದೂ ಸಾಲದೆ ಅಡ್ಮಿರಾಲ್ಟಿ, ಅಂದರೆ ನೌಕಾಪಡೆ ನಡೆಸುವ ಸರ್ಕಾರಿ ಇಲಾಖೆ, ಮತ್ತೆ ದುಡ್ಡು ಕೇಳಿತು. 84 ವರ್ಷದ ಗ್ಲಾಡ್‌ಸ್ಟನ್ ಒಪ್ಪಲಿಲ್ಲ. ಮಂತ್ರಿಮಂಡಲದಲ್ಲಿ ಅವರ ಮಾತು ನಡೆಯಲಿಲ್ಲ. 1894ರಲ್ಲಿ ಪ್ರಧಾನಿ ಪಟ್ಟವನ್ನೇ ಬಿಟ್ಟರು. ಇದಕ್ಕಿಂತ ದೊಡ್ಡ ಕಾಳಗ ಬೇಕಾ?

ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಡಿಎಂ 1 ಅನ್ನುವ, ಅಡ್ಮಿರಾಲ್ಟಿ ಕಾಗದಪತ್ರಗಳ ಸರಣಿ ಇದೆ. ಪೆನ್ನು ಒಳಗೆ ಬಿಡಲ್ಲ, ಪೆನ್ಸಿಲ್ ಮಾತ್ರ. ಒಂದು ಕಾಗದ ಬಿಡಿಸಿದರೆ ಮುಂದೆ ಯಾರೋ ಅಡ್ಮಿರಲ್ ಬಾಯ್ಲರ್ ಬಗ್ಗೆ ಬರೆದಿರುತ್ತಾನೆ. ಹಿಂದೆ ತಿರುವಿದರೆ ಅಧಿಕಾರಿಗಳ ಷರಾ, ಕೆಳಗೆ ಇನಿಷಿಯಲ್. ಒಬ್ಬ ಆಗಲಿ ಅಂದಿರುತ್ತಾನೆ, ಇನ್ನೊಬ್ಬ ಖರ್ಚು ಜಾಸ್ತಿ ಅಂದಿರುತ್ತಾನೆ. ನೀವು ಓದಬೇಕಾದ್ದು ಆ ಷರಾಗಳನ್ನು. ನನಗಂತೂ ಅದರಷ್ಟು ಖುಷಿ ಕೊಟ್ಟ ಓದು ಬೇರೆ ಇಲ್ಲ.

ಉತ್ತರ 2
ಮೇಷ್ಟ್ರು ಹೇಳಿದ್ದು ಸರಿ, ಆದರೆ ಮಾರ್ಡರ್‌ಗೆ ನಿಲ್ಲಬೇಡಿ. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಫಿಷರ್ ಬಗ್ಗೆ ಅವರು ಬರೆದಿದ್ದನ್ನು ಇತಿಹಾಸಕಾರರಾದ ಜಾನ್ ಸುಮಿಡಾ, ನಿಕೋಲಸ್ ಲ್ಯಾಂಬರ್ಟ್ ಬಲವಾಗಿ ಪ್ರಶ್ನಿಸಿದ್ದಾರೆ. ನಿಮ್ಮ ಕಾಲಘಟ್ಟಕ್ಕೆ ಅಮೆರಿಕದ ಅಲಬಾಮಾದ ಇತಿಹಾಸಕಾರ ಜಾನ್ ಬೀಲರ್ ಬೇಕೇ ಬೇಕು. 1870ರ ದಶಕವನ್ನು ಬ್ರಿಟಿಷ್ ನೌಕಾಪಡೆಯ ಕತ್ತಲೆಯುಗ ಅಂತ ಹಿಂದಿನವರು ಕರೆದಿದ್ದರು. ಬೀಲರ್ ಎದುರಾಳಿಗಳ ಕಡೆ ನೋಡಿದರು. ಪ್ರಷ್ಯಾ ಕೈಲಿ ಸೋತ ಫ್ರಾನ್ಸಿಗೆ ಪೈಪೋಟಿ ಕೊಡುವ ಶಕ್ತಿಯೇ ಇರಲಿಲ್ಲ. ಅಂಥ ಹೊತ್ತಲ್ಲಿ ಸುಮ್ನೆ ದುಡ್ಡು ಸುರಿಯದೆ ಇದ್ದದ್ದು ತಪ್ಪೇನಲ್ಲ ಅಲ್ವಾ?

ಕೆಲಸದ ಮಾತು ಬೇರೆ. ನಮ್ಮಲ್ಲಿ ಬರೀ ಬ್ರಿಟಿಷ್ ನೌಕಾನೀತಿ ಅಂದರೆ ಹುದ್ದೆ ಸಿಗೋದು ಕಷ್ಟ. ಹಿಂದೂ ಮಹಾಸಾಗರದ ಕಡೆಯಿಂದ ಹಿಡಿಯಿರಿ. ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಮರೀನ್ ಇಲಾಖೆಯ ಕಡತಗಳಿವೆ. ಕಾರವಾರದಿಂದ ರಾತ್ರಿ ಬಸ್ ಹತ್ತಿದರೆ ಆಯಿತು.

ಕಾರವಾರದ ಹುಡುಗಿ
ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಮುಂಬೈಗೆ ಹೋಗೋ ಮುಂಚೆ ಮನೆಯಲ್ಲೇ ಕೂತು ಏನು ಓದಲಿ?

ಉತ್ತರ 1
ಹನ್ಸಾರ್ಡ್, ಅಂದರೆ ಬ್ರಿಟಿಷ್ ಪಾರ್ಲಿಮೆಂಟಿನ ನಡಾವಳಿ. ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. 1889ರ ಮಾರ್ಚಿನಲ್ಲಿ ಆಗಿನ ನೌಕಾಮಂತ್ರಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ ಮಾಡಿದ ಭಾಷಣದಿಂದ ಶುರು ಮಾಡಿ, ಅಲ್ಲಿಂದ ವರ್ಷ ವರ್ಷದ ಬಜೆಟ್ ಚರ್ಚೆ ಹಿಡಿದು ಹಿಂದಕ್ಕೆ ಹೋಗಿ. ಯಾರು ಎಷ್ಟು ಕೇಳಿದರು, ಎಷ್ಟು ಸಿಕ್ಕಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬನ್ನಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ.