ಸೊಳ್ಳೆ ಕಚ್ಚಿದ ದದ್ದಿಗೆ ಸುಣ್ಣ ಹಚ್ಚಬಹುದೇ?

ಪ್ರಶ್ನೆ: ಮೂರು ವರ್ಷದ ಮಗುವಿನ ಕಾಲ ತುಂಬ ದದ್ದು, ಕೆರೆದು ಹುಣ್ಣಾಗುತ್ತಿದೆ. ಕಚ್ಚುವುದು ಹಗಲಲ್ಲೇ. ಸುಣ್ಣ ಹಚ್ಚಲೇ?

ಉತ್ತರ 1: ಸುಣ್ಣ ಬೇಡವೇ ಬೇಡ, ಎಳೆ ಚರ್ಮ ಸುಡುತ್ತದೆ. ಸೋಪಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಒತ್ತಿಡಿ. ಆಮೇಲೆ ಕ್ಯಾಲಮೈನ್ ಲೋಶನ್. ಒಡೆದ ಗಾಯಕ್ಕೆ ಮಾತ್ರ ಸೋಕಿಸಬೇಡಿ. ಉಗುರು ಕತ್ತರಿಸಿಬಿಡಿ. ಕೀವಾದರೆ ಡಾಕ್ಟರಿಗೆ ತೋರಿಸಿ.

ಉತ್ತರ 2: ಹಗಲು ಕಚ್ಚುವುದು ಹೆಚ್ಚಾಗಿ ಈಡಿಸ್, ಡೆಂಗಿ ಹರಡುವ ಸೊಳ್ಳೆ. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ನೋಡಿ, ತಿಳಿನೀರೇ ಅದಕ್ಕೆ ಇಷ್ಟ. ಮೊಟ್ಟೆ ಸೊಳ್ಳೆಯಾಗಲು 7-10 ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ಖಾಲಿ ಮಾಡಿ. ನೀರು ಚೆಲ್ಲಿದರಷ್ಟೇ ಸಾಲದು! ಒಳಮೈಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ನಾರಿನಿಂದ ತಿಕ್ಕಲೇಬೇಕು.

ಉತ್ತರ 3: ಮಧ್ಯಾಹ್ನದ ನಿದ್ದೆಗೂ ಪರದೆ ಕಟ್ಟಿ. ಜ್ವರ ಬಂದರೆ ಐಬುಪ್ರೊಫೆನ್ ಕೊಡಬೇಡಿ. ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ.